ಮುಂದಿನ ವರ್ಷದ ಕಂಪ್ಯೂಟರು

ಕೆಲವರಿಗೆ ಕೊಳ್ಳುವುದರಲ್ಲಿ ಸುಖ, ಕೆಲವರಿಗೆ ಕೂಡಿಡುವುದರಲ್ಲಿ ಸುಖ. ನನಗೆ ಕೊಳ್ಳುವುದನ್ನು ಮುಂದಕ್ಕೆ ಹಾಕುವುದರಲ್ಲಿ. ನನ್ನ ಹೆಂಡತಿ ಸುಮಂಗಲಾ ಇದನ್ನು ಜಿಪುಣತನ ಎನ್ನುತ್ತಾಳೆ, ನಾನು ವಿಜ್ಞಾನ ಎನ್ನುತ್ತೇನೆ. ಬಿ.ಎಸ್ಸಿ.ಯಲ್ಲಿ ಎಲೆಕ್ಟ್ರಾನಿಕ್ಸ್ ಓದುವಾಗ ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಮೇಲಕ್ಕೇರುವ ಒಂದು ಗೆರೆ ಎಳೆದು, ಒಂದು ಚಿಪ್ಪಿನಲ್ಲಿ ಹಿಡಿಸುವ ಟ್ರಾನ್ಸಿಸ್ಟರುಗಳು ಎರಡು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತವೆ, ಕಂಪ್ಯೂಟರು ಹಾಗೆಯೇ ಚುರುಕಾಗುತ್ತಾ ಅಗ್ಗವಾಗುತ್ತಾ ಹೋಗುತ್ತದೆ ಎಂದಿದ್ದರು. ಮಿಕ್ಕ ಪಾಠಗಳೆಲ್ಲ ಪರೀಕ್ಷೆಯ ಮರುದಿನವೇ ಮರೆತುಹೋದವು. ಇದೊಂದು ಮಾತ್ರ ಮೊಳೆ ಹೊಡೆದ ಹಾಗೆ ತಲೆಯಲ್ಲಿ ಕೂತಿತು. ಇವತ್ತು ಕೊಂಡವನು ದಡ್ಡ, ಕಾದವನು ಜಾಣ ಎಂದು ಅಷ್ಟು ದೊಡ್ಡ ಶಾಸ್ತ್ರವೇ ಹೇಳುವಾಗ ನನ್ನಂಥವನಿಗೆ ಇನ್ನೇನು ಬೇಕು?

ತೊಂದರೆಯಾದದ್ದು ನಾನು ಆ ಗೆರೆಯನ್ನು ಎಲ್ಲದಕ್ಕೂ ಎಳೆಯಲು ಹೋದಾಗ. ಶೆಟ್ಟಿಹಳ್ಳಿಯಲ್ಲಿ ಒಂದು ಸೈಟು ನೋಡಿ ಬಂದು, ಸ್ವಲ್ಪ ಕಾದರೆ ಇಳಿಯುತ್ತದೆ ಎಂದು ಸುಮ್ಮನಿದ್ದೆ. ಇಮ್ಮಡಿಯಾಗುವ ನಿಯಮ ಸೈಟುಗಳಿಗೂ ಇದೆ, ಆದರೆ ಅಲ್ಲಿ ಇಮ್ಮಡಿಯಾಗುವುದು ಬೆಲೆ ಎಂದು ನನಗೆ ಹೊಳೆಯುವ ಹೊತ್ತಿಗೆ ಆ ಜಾಗದಲ್ಲಿ ನಾಲ್ಕಂತಸ್ತಿನ ಪಿ.ಜಿ. ಎದ್ದು, ಟೆರೇಸಿನ ಮೇಲೆ ಹುಡುಗರ ಬನೀನುಗಳು ಒಣಗುತ್ತಿದ್ದವು. ಸುಮಂಗಲಾಳನ್ನು ನೋಡಲು ಧಾರವಾಡಕ್ಕೆ ಹೋದಾಗಲೂ "ಯೋಚನೆ ಮಾಡಿ ತಿಳಿಸ್ತೀವಿ" ಎಂದು ಬಂದವನು ತಿಂಗಳುಗಟ್ಟಲೆ ಬಾಯಿ ಬಿಡಲಿಲ್ಲ. ಕೊನೆಗೆ ನಮ್ಮ ಮಾವನವರೇ ಫೋನ್ ಮಾಡಿ, "ಏನ್ರೀ, ಇದಕ್ಕಿಂತ ಹೊಸಾ ಮಾಡೆಲ್ ಬರತೈತಿ ಅಂತ ಕಾಯಾಕತ್ತೀರೇನು?" ಎಂದು ಕೇಳಿದರು. ಗಾಬರಿಯಲ್ಲಿ ಹೂಂ ಎನ್ನಬೇಕೋ ಊಹೂಂ ಎನ್ನಬೇಕೋ ತಿಳಿಯದೆ, "ಛತ್ರ ನೋಡ್ತಿದ್ದೀವಿ" ಎಂದುಬಿಟ್ಟೆ. ಮದುವೆಯಾಯಿತು.

ಮತ್ತಿಕೆರೆಯ ನಮ್ಮ ಬಾಡಿಗೆ ಮನೆಯ ಹಾಲ್‌ನಲ್ಲಿ, ಫ್ರಿಜ್ಜಿನ ಪಕ್ಕದಲ್ಲಿ, ಮದುವೆಯ ಹೊಸದರಲ್ಲಿ ತಂದ ಡೆಸ್ಕ್‌ಟಾಪ್ ಇದೆ. ನಾನು ಗೊರಗುಂಟೆಪಾಳ್ಯದ ಹತ್ತಿರದ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ದುಡಿದು ಬರುವಷ್ಟರಲ್ಲಿ ಸುಮಂಗಲಾ ಅದರ ಮುಂದೆ ಕೂತು ಕಾಲೇಜು ಹುಡುಗರ ಪ್ರಾಜೆಕ್ಟ್ ರಿಪೋರ್ಟುಗಳನ್ನು ಟೈಪ್ ಮಾಡಿರುತ್ತಾಳೆ. ಬಟನ್ ಒತ್ತಿ, ಚಹಾ ಕಾಸಿ, ಕುಡಿದು, ಲೋಟ ತೊಳೆದಿಟ್ಟು ಬಂದರೆ ಅದು ಏಳುತ್ತದೆ. ಬೇಸಿಗೆಯಲ್ಲಿ ಬಿಸಿಯಾಗುತ್ತದೆ ಎಂದು ಒಂದು ಪಕ್ಕದ ತಗಡನ್ನು ನಾನೇ ಬಿಚ್ಚಿಟ್ಟಿದ್ದೆ. ಮತ್ತೆ ಹಾಕಲಿಲ್ಲ. ಒಳಗಿನ ಫ್ಯಾನು, ವೈರುಗಳೆಲ್ಲ ಹೊಟ್ಟೆ ಬಿಚ್ಚಿದ ಹಾಗೆ ಕಾಣುತ್ತವೆ. "ಹೊಸಾದು ತಗೊಳ್ರಿ" ಎಂದು ಅವಳು, "ಮುಂದಿನ ವರ್ಷ ಇದಕ್ಕಿಂತ ಒಳ್ಳೇದು ಬರುತ್ತೆ" ಎಂದು ನಾನು. ನಮ್ಮ ದಾಂಪತ್ಯದ ಪಲ್ಲವಿಯೇ ಇದು.

ಈ ಪಲ್ಲವಿಗೆ ಕಲ್ಲು ಹಾಕಿದವನು ನನ್ನ ಕಾಲೇಜು ಗೆಳೆಯ ನಾಗರಾಜ. ಹೆಬ್ಬಾಳದ ಕಡೆ ಒಂದು ಆಫೀಸಿನಲ್ಲಿ ಚಿಪ್ಪುಗಳ ವಿನ್ಯಾಸ ಮಾಡುವವನು. ಒಂದು ಭಾನುವಾರ ಅವಲಕ್ಕಿ ತಿನ್ನುತ್ತಾ ಹೇಳಿದ: "ಆ ಕಾಲ ಹೋಯ್ತು ಕಣೋ ಮಗಾ. ಚಿಕ್ಕದು ಮಾಡ್ತಾ ಮಾಡ್ತಾ ಒಳಗಿನ ಗೋಡೆ ಎಷ್ಟು ತೆಳ್ಳಗಾಗಿದೆ ಅಂದ್ರೆ ಕರೆಂಟು ಸೋರುತ್ತೆ. ಸ್ಪೀಡು ಏರಿಸೋಣ ಅಂದ್ರೆ ಬಿಸಿ. ಹೊಸ ಫ್ಯಾಕ್ಟರಿಗೆ ಬೆಟ್ಟದಷ್ಟು ದುಡ್ಡು ಸುರೀತಾರೆ, ಸಿಗೋದು ಸಾಸಿವೆಯಷ್ಟು. ಹೋದ ವರ್ಷದ್ದಕ್ಕೂ ಈ ವರ್ಷದ್ದಕ್ಕೂ ಡಬ್ಬದ ಬಣ್ಣ ಬಿಟ್ರೆ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಇಲ್ಲ."

ಒಳಗಿನಿಂದ ಸುಮಂಗಲಾ ಕೇಳಿಸಿಕೊಂಡಳು. "ಹಂಗಾದ್ರ ಇನ್ನ ಕಾಯೋದು ಯಾಕ?"

"ಹಾಗಾದ್ರೆ ಅವಸರ ಯಾಕೆ?" ಎಂದೆ ನಾನು. ಮೊದಲು ಬೇಗ ಬೇಗ ಸುಧಾರಿಸುತ್ತದೆಂದು ಕಾಯುತ್ತಿದ್ದವನು, ಈಗ ಸುಧಾರಿಸುವುದಿಲ್ಲ ಎಂದು ಕಾಯತೊಡಗಿದೆ. ನಾಗರಾಜ ನನ್ನನ್ನೇ ನೋಡಿ, "ಅತ್ತಿಗೆ, ಇವನ್ನ ಚಿಪ್ ಮಾಡೋರ ಹತ್ರ ಕಳಿಸ್ಬೇಕು. ಆ ಗೋಡೆಗೆ ಇವನೇ ಸರಿ, ಯಾವ ಕಡೆ ಕರೆಂಟು ಬಿಟ್ರೂ ಹರಿಯಲ್ಲ" ಎಂದ.

ಇನ್ನು ಆ ಆಯುಧಪೂಜೆಯ ದಿನ. ಸುಮಂಗಲಾ ಅದನ್ನು ಖಂಡೆ ಪೂಜೆ ಎನ್ನುತ್ತಾಳೆ. ಅನ್ನ ಕೊಡುವ ವಸ್ತುವಿಗೆ ಅಂದು ಕೆಲಸ ಹೇಳಬಾರದು, ಪೂಜೆ ಮಾಡಬೇಕು. ನಮ್ಮ ಮನೆಯಲ್ಲಿ ಸ್ಕೂಟರು, ಮಿಕ್ಸಿ, ಈಳಿಗೆಮಣೆ, ಎಲ್ಲದರ ಜೊತೆ ಕಂಪ್ಯೂಟರಿಗೂ ಪೂಜೆ. ಅವಳು ಸ್ನಾನಕ್ಕೆ ಹೋದಾಗ ನಾನು ಕದ್ದು ಹೊಸ ಪ್ರೊಸೆಸರುಗಳ ವಿಡಿಯೋ ನೋಡುತ್ತಿದ್ದೆ. ಕೊಳ್ಳುವುದಕ್ಕಲ್ಲ, ಮುಂದಕ್ಕೆ ಹಾಕುವುದಕ್ಕೆ ಹೊಸ ಕಾರಣ ಸಿಗಬಹುದೆಂದು. ಅವಳ ಬಳೆಯ ಸದ್ದು ಕೇಳಿದ್ದೇ ಮಾನಿಟರ್ ಮಾತ್ರ ಆರಿಸಿ, ಸ್ಕೂಟರಿಗೆ ಕಾಯಿ ಒಡೆಯಲು ಹೊರಗೆ ಹೋದೆ. ಪರದೆ ಕಪ್ಪಗಿತ್ತು, ಫ್ಯಾನಿನ ಸದ್ದು ಪಕ್ಕದ ಫ್ರಿಜ್ಜಿನ ಸದ್ದಿನಲ್ಲಿ ಬೆರೆತಿತ್ತು, ಹಾಗಾಗಿ ಅವಳು ಯಂತ್ರ ಆರಿದೆ ಎಂದುಕೊಂಡಳು. ವಿಭೂತಿ ಬಳಿದಳು, ಕುಂಕುಮ ಇಟ್ಟಳು, ಮುಂದಿನ ತೂತುಗಳಲ್ಲಿ ಊದುಬತ್ತಿ ಸಿಕ್ಕಿಸಿದಳು, ಉದ್ದನೆಯ ಚೆಂಡುಹೂವಿನ ಮಾಲೆಯನ್ನು ತಗಡಿಲ್ಲದ ಪಕ್ಕಕ್ಕೆ ಇಳಿಬಿಟ್ಟಳು.

"ರೀ! ಇದರ ಹೊಟ್ಟಿಯೊಳಗ ಏನೋ ಗರಗರ ಅನ್ನಾಕತ್ತೈತಿ!"

ಕೈಯಲ್ಲಿ ನೀರಿನ ತಂಬಿಗೆ ಹಿಡಿದೇ ಒಳಗೆ ಓಡಿದೆ. ಕಂಪ್ಯೂಟರಿನ ಪಕ್ಕದಿಂದ ಹೊಗೆ ಬುಸುಬುಸು ಬರುತ್ತಿತ್ತು. ಊದುಬತ್ತಿಯ ಹೊಗೆಯನ್ನು ಫ್ಯಾನು ಒಳಗೆಳೆದು ಹೊರಗೆ ಬಿಡುತ್ತಿದೆ ಎಂದು ಆಗ ಯಾರಿಗೆ ಹೊಳೆಯಬೇಕು? ಮಾಲೆ ಇನ್ನೊಂದು ಫ್ಯಾನಿಗೆ ಸುತ್ತಿಕೊಂಡಿತ್ತು. ಅದನ್ನು ಬಿಡಿಸಲು ಸುಮಂಗಲಾ ಒದ್ದೆ ಕೈಯನ್ನು, ಬಳೆಗಳ ಸಮೇತ, ವೈರುಗಳ ನಡುವೆ ತೂರಿಸಿದ್ದಳು. ಆ ಕ್ಷಣ ನನಗೆ ಕಂಪ್ಯೂಟರು ಕಾಣಲಿಲ್ಲ. ಆ ಕೈ ಒಂದೇ ಕಂಡಿತು. ತಂಬಿಗೆ ಎತ್ತಿದೆ. "ನೀರ್ ಹಾಕಬ್ಯಾಡ್ರೀ, ಕರೆಂಟ್ ಐತಿ!" ಎಂದು ಅವಳು ಕಿರುಚಿದಳು. ಅರ್ಧ ನೀರನ್ನು ನನ್ನ ಕಾಲಿನ ಮೇಲೆಯೇ ಚೆಲ್ಲಿಕೊಂಡು, ಮೇಜಿನಡಿಗೆ ಬಗ್ಗಿ, ಕೈಗೆ ಸಿಕ್ಕ ಪ್ಲಗ್ಗನ್ನು ಕಿತ್ತು ಎಸೆದೆ.

ಗರಗರ ನಿಂತಿತು. ಇಡೀ ಮನೆಯೇ ನಿಶ್ಶಬ್ದವಾಯಿತು. ಅವಳು ಕೈ ಹೊರಗೆಳೆದಳು. ಬೆರಳುಗಳ ತುಂಬ ಚೆಂಡುಹೂವಿನ ಎಸಳು, ಒಂದು ಗೀರೂ ಇಲ್ಲ. ನಾನು ನೆಲದ ಮೇಲೆ ಕೂತೇ ಆ ಬೆರಳುಗಳನ್ನು ಒಂದೊಂದಾಗಿ ಎಣಿಸಿದೆ. ಅವಳು ಸೆರಗಿನಿಂದ ನನ್ನ ಮುಖ ಒರೆಸಿ, ನಗುತ್ತಲೋ ಅಳುತ್ತಲೋ ಹೇಳಿದಳು: "ನೀವು ಕಾಯಕೋತ ಕೂಡದ ಒಂದು ಕೆಲಸಾ ಮಾಡಿದ್ದು ನೋಡಿದೆ. ಇಷ್ಟು ವರ್ಷಕ್ಕ ಇದೇ ಮೊದಲು." ಜೀವಮಾನದಲ್ಲಿ ಅಂಥ ಪ್ರಶಸ್ತಿ ನನಗೆ ಸಿಕ್ಕಿರಲಿಲ್ಲ.

ಸಂಜೆ ನಾಗರಾಜ ಬಂದ. ನಾನು ಸಾಹಸವನ್ನು ಮೊದಲಿನಿಂದ, ಸ್ವಲ್ಪ ಹೊಗೆ ಜಾಸ್ತಿ ಸೇರಿಸಿ ವಿವರಿಸಿದೆ. ಅವನು ಟಾರ್ಚು ಹಿಡಿದು ಮಾಲೆಯ ದಾರ ಕತ್ತರಿಸಿ ತೆಗೆದ. ಅಷ್ಟರಲ್ಲಿ ಅವನಿಗೆ ಶ್ರೀಖಂಡ ಕೊಡಲು ಸುಮಂಗಲಾ ಫ್ರಿಜ್ ತೆರೆದಳು. ಒಳಗೆ ದೀಪ ಹತ್ತಲಿಲ್ಲ. ಶ್ರೀಖಂಡ ಹುಳಿ ವಾಸನೆ ಹೊಡೆಯುತ್ತಿತ್ತು. ಮೂವರೂ ಮೇಜಿನಡಿಗೆ ಬಗ್ಗಿದೆವು. ಕಂಪ್ಯೂಟರಿನ ಪ್ಲಗ್ಗು ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಿತ್ತು, ಸ್ವಿಚ್ಚಿನ ಕೆಂಪು ದೀಪವೂ ಉರಿಯುತ್ತಿತ್ತು. ನಾನು ಎಸೆದಿದ್ದ ಫ್ರಿಜ್ಜಿನ ಪ್ಲಗ್ಗು ಗೋಡೆಯ ಮೂಲೆಯಲ್ಲಿ ಬಿದ್ದಿತ್ತು.

"ಹಂಗಾದ್ರ ಇದು ಆರಿದ್ದು ಹೆಂಗ?" ಎಂದಳು ಸುಮಂಗಲಾ.

"ಫ್ಯಾನು ನಿಂತು ಪ್ರೊಸೆಸರ್ ಕಾದಿದೆ ಅತ್ತಿಗೆ. ಮಿತಿ ಮೀರಿ ಬಿಸಿಯಾದ್ರೆ ಅದೇ ಆಫ್ ಆಗಿಬಿಡುತ್ತೆ. ಇಲ್ದಿದ್ರೆ ಫ್ಯಾನು ದಾರ ಹರ್ಕೊಂಡು ನಿಮ್ಮ ಬೆರಳಿಗೆ ಹೊಡೀತಿತ್ತು" ಎಂದು ನಾಗರಾಜ ನನ್ನ ಕಡೆ ತಿರುಗಿದ. "ಒದ್ದೆ ಕೈಯಲ್ಲಿ ಪ್ಲಗ್ ಕಿತ್ತಿದ್ದೀಯಲ್ಲೋ ಗುರು, ಅಲ್ಲಿ ಸಾಯ್ತಿದ್ದವನು ನೀನು."

ನಾನು ಪ್ರಶಸ್ತಿಯನ್ನು ವಾಪಸು ಕೊಡಲು ತಯಾರಾದೆ. ಸುಮಂಗಲಾ ತೆಗೆದುಕೊಳ್ಳಲಿಲ್ಲ. "ಯಾವ ಪ್ಲಗ್ ಆದ್ರೇನು, ಕಿತ್ತಿರಲ್ಲ" ಎಂದಳಷ್ಟೆ.

ದಾರ ತೆಗೆದ ಮೇಲೆ ಯಂತ್ರ ಎಂದಿನಂತೆ, ಚಹಾ ಕುಡಿಯುವಷ್ಟು ಹೊತ್ತು ತೆಗೆದುಕೊಂಡು, ಎದ್ದಿತು. ತಗಡನ್ನು ಅಂದೇ ತಿರುಪು ಹಾಕಿ ಮುಚ್ಚಿದೆ. ಮರುದಿನ, ವಿಜಯದಶಮಿಯ ಸಂಜೆ, ಸುಮಂಗಲಾ ನನ್ನ ಕೈಗೆ ಬನ್ನಿ ಎಲೆ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ" ಎಂದಳು. ಕಂಪ್ಯೂಟರಿನ ನೆತ್ತಿಯ ಮೇಲೂ ಎರಡು ಎಲೆ ಇಟ್ಟಳು. ಈಗ ಹೊಸದು ತರೋಣವೇ ಎಂದು ನಾನೇ ಬಾಯಿಬಿಟ್ಟು ಕೇಳಿದೆ. "ಮುಂದಿನ ವರ್ಷ ನೋಡೋಣು" ಎಂದಳು!

ಈಚೆಗೆ ಮಿಕ್ಸಿಯ ಪ್ಲಗ್ ತೆಗೆಯಬೇಕಾದರೂ ಕೈ ಒರೆಸಿ, ವೈರನ್ನು ತುದಿಯಿಂದ ತುದಿಯವರೆಗೆ ಬೆರಳಿನಿಂದ ಹಿಂಬಾಲಿಸಿ, ಕೊನೆಗೆ ಮನೆಯ ಮೇನ್ ಸ್ವಿಚ್ಚನ್ನೇ ಆರಿಸುತ್ತೇನೆ. ಚಟ್ನಿ ತಡವಾಗುತ್ತದೆ. ಇದನ್ನು ಅದೇ ಹಳೆಯ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದೇನೆ. ನಾನು ಒತ್ತಿದ ಅಕ್ಷರ ಪರದೆಗೆ ಬರಲು ಒಂದಿಷ್ಟು ಯೋಚಿಸುತ್ತದೆ. ಮೊದಲಾಗಿದ್ದರೆ ಬೈಯುತ್ತಿದ್ದೆ. ಈಗ ಬೈಯಲು ಬಾಯಿಲ್ಲ. ಸುಮಂಗಲಾಳ ಕೈ ಅದರ ಒಳಗಿದ್ದಾಗ ನಮ್ಮಿಬ್ಬರಲ್ಲಿ ಯಾರು ಬೇಗ ಯೋಚಿಸಿದರು ಎಂಬುದು ನನಗೂ ಗೊತ್ತಿದೆ, ಅದಕ್ಕೂ ಗೊತ್ತಿದೆ.