ಅಳತಿ ಜಂಪರು, ಗುಡ್ಡದ ಚೀಲ

ಮನುಷ್ಯ ತನ್ನ ಬೆನ್ನನ್ನು ತಾನು ಎಂದೂ ನೇರವಾಗಿ ನೋಡಲಾರ. ಹುಟ್ಟಿದಾಗಿನಿಂದ ಜೊತೆಗೇ ಇರುತ್ತದೆ, ಭಾರವನ್ನೆಲ್ಲ ಅದೇ ಹೊರುತ್ತದೆ, ಆದರೂ ಕೊನೆಯವರೆಗೆ ಪರಿಚಯವಾಗುವುದಿಲ್ಲ. ಯಾವುದೋ ಮಠದ ಪ್ರವಚನದ ಮಾತಿರಬೇಕೆಂದು ನೀವು ಕೈ ಮುಗಿಯುವುದು ಬೇಡ. ಇದನ್ನು ನಮ್ಮ ಸೋದರಮಾವ ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡು ಹೇಳಿದ್ದು. ಹೇಳಿ ಮುಗಿಸುವಷ್ಟರಲ್ಲಿ ಬಾಯಲ್ಲಿ ಒಂದೇ ಸೂಜಿ ಉಳಿದಿತ್ತು. ಮುಂದಿನ ಅರ್ಧ ಗಂಟೆ ಎಲ್ಲರೂ ಇನ್ನೊಂದನ್ನು ಹುಡುಕಬೇಕಾಗಿ ಬಂದದ್ದರಿಂದ ತತ್ವ ಅಲ್ಲಿಗೇ ನಿಂತಿತು.

ಮಾವ ನಲವತ್ತು ವರ್ಷದಿಂದ ಕೊಟ್ಟೂರಿನಲ್ಲಿ ಲೇಡೀಸ್ ಟೇಲರು. ಊರಿನ ಅರ್ಧ ಹೆಂಗಸರ ಬೆನ್ನು ಅವರಿಗೆ ಗೊತ್ತು, ಮುಖ ಒಂದೂ ಗೊತ್ತಿಲ್ಲ. ಉತ್ಪ್ರೇಕ್ಷೆ ಅಂದಿರಾ? ಹರಪನಹಳ್ಳಿ ಬಸ್ ನಿಲ್ದಾಣದಲ್ಲಿ ಒಮ್ಮೆ ಒಬ್ಬ ಹೆಣ್ಣುಮಗಳು ಎದುರಿಗೆ ನಿಂತು, "ಟೇಲರಣ್ಣಾರ, ಆರಾಮದೀರೇನ್ರಿ?" ಎಂದು ಬಾಯಿ ತುಂಬ ಕೇಳಿದರು. ಮಾವ ಪೊಲೀಸರನ್ನು ಕಂಡವರಂತೆ ನಿಂತರು. ಆಕೆ ಬೇಸರದಿಂದ ತಿರುಗಿ ಹೊರಟದ್ದೇ ತಡ, ಮಾವನ ಮುಖ ಅರಳಿತು.

"ಏ ತಂಗಿ, ಹದಿನೈದೂವರಿ ಬೆನ್ನು! ನೀ ಅಂತ ಮೊದಲ ಹೇಳಬಾರದೇನ?"

ಅವರ ಅಂಗಡಿಯಲ್ಲಿ ಒಂದು ಅಳತಿ ಪುಸ್ತಕವಿದೆ. ಅದರಲ್ಲಿ ಹೆಸರು, ಅಳತೆ, ಕಡೆಗೆ 'ಕೊಡುವ ದಿನ' ಎಂಬ ಕಾಲಮ್ಮು. ಅಲ್ಲಿ ಬರೆದ ದಿನಕ್ಕೂ ಜಂಪರು ಕೈಗೆ ಸಿಗುವ ದಿನಕ್ಕೂ ದ್ವೇಷವೇನಿಲ್ಲ, ಭೇಟಿಯಿಲ್ಲ ಅಷ್ಟೇ. ರವಿಕೆಗೆ ನಮ್ಮ ಕಡೆ ಜಂಪರು ಅನ್ನುತ್ತಾರೆ. ಮೈಗೆ ಸರಿಯಾಗಿ ಕೂರುವ ಹಳೆಯ ಜಂಪರೊಂದನ್ನು ಟೇಲರಿಗೆ ತಲುಪಿಸಿದರೆ ಸಾಕು, ಅದೇ ಅಳತಿ ಜಂಪರು. ಅದನ್ನು ನೋಡಿ ಹೊಸದನ್ನು ಹೊಲಿಯುತ್ತಾರೆ. ಹೆಂಗಸು ಖುದ್ದಾಗಿ ಬರಬೇಕಿಲ್ಲ. ಖುದ್ದಾಗಿ ಬಂದರೆ ಮಾವನಿಗೆ ಸ್ವಲ್ಪ ಅಡಚಣೆಯೇ, ಏಕೆಂದರೆ ಜಂಪರು ಮಾತಾಡುವುದಿಲ್ಲ.

ಇಂಥ ಮನುಷ್ಯ ಅತ್ತೆಗೆ, ಎಂದರೆ ತಮ್ಮ ಸ್ವಂತ ಹೆಂಡತಿಗೆ, ನಲವತ್ತು ವರ್ಷದಲ್ಲಿ ಎಷ್ಟು ಜಂಪರು ಹೊಲಿದಿರಬಹುದು? ಒಂದು. ಅದೂ ಟೇಪು ಹಿಡಿಯದೆ, ಕಣ್ಣಳತೆಯಲ್ಲಿ ಕತ್ತರಿಸಿದ್ದು. ಹನ್ನೊಂದು ವರ್ಷದ ಹಿಂದೆ ಹೊಲಿಗೆ ಮುಗಿದಿದೆ, ಹುಕ್ಸು ಹಚ್ಚುವುದೊಂದು ಬಾಕಿ. ಅತ್ತೆ ಪಕ್ಕದ ಓಣಿಯ ಇನ್ನೊಬ್ಬ ಟೇಲರ ಹತ್ತಿರ ಹೊಲಿಸುತ್ತಾರೆ. ಆತ ಹೇಳಿದ ದಿನಕ್ಕೆ ಕೊಡುತ್ತಾನೆ. ಈ ವಿಷಯ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಅತ್ತೆ ಹಳ್ಳಿಗಳಲ್ಲಿ ಕೂಸುಗಳಿಗೆ ಲಸಿಕೆ ಹಾಕುವ ನರ್ಸ್ ಆಗಿದ್ದವರು. ಹೋದ ವರ್ಷ ನಿವೃತ್ತರಾದರು. ಆದವರು ಸುಮ್ಮನೆ ಕೂರಬಹುದಿತ್ತು. ನಿವೃತ್ತ ನರ್ಸಮ್ಮಂದಿರ ಒಂದು ತಂಡ ಹಿಮಾಲಯದ ಒಂದು ಗುಡ್ಡಕ್ಕೆ ಕಾಲ್ನಡಿಗೆಯಲ್ಲಿ ಹೊರಟಿದೆ ಎಂದು ತಿಳಿದು ಹೆಸರು ಕೊಟ್ಟುಬಿಟ್ಟರು. ತಂಡದ ಮುಖ್ಯಸ್ಥೆ ಹಡಗಲಿಯವರು; ಎಲ್ಲರೂ 'ದೊಡ್ಡ ಸಿಸ್ಟರ್' ಅನ್ನುತ್ತಾರೆ. ಅವರದು ಒಂದೇ ಕಾನೂನು: ತನ್ನ ಚೀಲ ತಾನೇ ಹೊರಬೇಕು. ಹೊರಲಾಗದವರು ಸಾಮಾನಿನ ಜೀಪಿನಲ್ಲಿ ಕೂತು, ರಸ್ತೆ ಇರುವಷ್ಟು ದೂರ ಹೋಗಿ, ಉಳಿದವರು ಇಳಿದು ಬರುವತನಕ ಅಲ್ಲೇ ಅಡುಗೆ ನೋಡಿಕೊಳ್ಳಬೇಕು.

ಪರೀಕ್ಷೆಗೆಂದು ಭಾನುವಾರ ಎಲ್ಲರನ್ನೂ ಕೂಡ್ಲಿಗಿ ಕಡೆಯ ಒಂದು ಕಲ್ಲುಗುಡ್ಡ ಹತ್ತಿಸಿದರು. ಅತ್ತೆ ನನ್ನ ಚೀಲ ಒಯ್ದಿದ್ದರು. ನಾನು ಆರಡಿ, ಅತ್ತೆ ಐದಕ್ಕೆ ಒಂದು ಬೆರಳು ಕಡಿಮೆ. ಸೊಂಟಕ್ಕೆ ಬಿಗಿಯಬೇಕಾದ ಪಟ್ಟಿ ತೊಡೆಗೆ ಬಂದಿತ್ತು. ಹಿಂದಿನಿಂದ ನೋಡಿದವರಿಗೆ ಎರಡು ಕಾಲು ಮೂಡಿದ ಚೀಲವೊಂದು ಗುಡ್ಡ ಹತ್ತುತ್ತಿರುವಂತೆ ಕಂಡಿತಂತೆ. ಭಾರವೆಲ್ಲ ಭುಜಕ್ಕೇ ಬಿತ್ತು. ಇಳಿದ ಮೇಲೆ ದೊಡ್ಡ ಸಿಸ್ಟರ್ ಅತ್ತೆಯ ಭುಜ ನೋಡಿದರು. ಬಾಸುಂಡೆ ಎದ್ದಿತ್ತು.

"ಮುಂದಿನ ಐತವಾರ ಇನ್ನೊಮ್ಮಿ ನೋಡ್ತೀನವಾ. ಆವಾಗ್ಲೂ ಭುಜ ಹಿಂಗ ಇದ್ರ ನೀ ಜೀಪ್ನ್ಯಾಗ."

ಅತ್ತೆ ಮನೆಗೆ ಬಂದು ಇಷ್ಟನ್ನೂ ಹೇಳಿ, "ಅಡಗಿ ಮಾಡಾಕ ಹಿಮಾಲಯಕ್ಕ ಯಾಕ ಹೋಗ್ಬೇಕು? ಇಲ್ಲೇ ಮಾಡ್ತಿದ್ನಲ್ಲ," ಅಂದರು. ಅವರ ದನಿ ಏರಲಿಲ್ಲ. ಏರದಿದ್ದರೆ ಗಂಭೀರ ಎಂದು ನಮಗೆ ಗೊತ್ತು.

ಮಾವ ನನ್ನ ಚೀಲವನ್ನು ತಿರುಗಿಸಿ ನೋಡಿದರು. ಒಳಗೆ 'ಫ್ರೀ ಸೈಜ್' ಎಂಬ ಚೀಟಿಯಿತ್ತು. ಅವರಿಗೆ ಮೈ ಉರಿಯಿತು.

"ಫ್ರೀ ಸೈಜ್ ಅಂದ್ರ ಏನು ಗೊತ್ತೇನಲೇ? ಯಾರ ಅಳತಿನೂ ತಗೊಂಡಿಲ್ಲ ಅಂತ. ಇದು ಚೀಲ ಅಲ್ಲ, ಸೋಮಾರಿತನ."

ಹನ್ನೊಂದು ವರ್ಷದಿಂದ ಹುಕ್ಸಿಗಾಗಿ ಕಾದಿದ್ದ ಜಂಪರು ಹಿಂದಿನ ಶೆಲ್ಫಿನಿಂದ ಎಲ್ಲವನ್ನೂ ಕೇಳಿಸಿಕೊಂಡಿತು.

ಮಂಗಳವಾರ ಮಾವ ಮತ್ತು ನಾನು ದಾವಣಗೆರೆಗೆ ಹೋದೆವು. ಅಲ್ಲಿ ಗುಡ್ಡ ಹತ್ತುವವರ ಸಾಮಾನು ಮಾರುವ ದೊಡ್ಡ ಅಂಗಡಿ ಇದೆ. ಅತ್ತೆ ಯಾಕೆ ಬರಲಿಲ್ಲ ಎಂದು ನೀವು ಕೇಳುವಂತೆಯೇ ಅಂಗಡಿಯ ಹುಡುಗಿಯೂ ಕೇಳಿದಳು.

"ಬ್ಯಾಗು ಹಾಕ್ಕೊಳ್ಳೋರು ಎಲ್ಲಿ ಅಂಕಲ್?"

"ಇಲ್ಲೇ ಅದಾಳ," ಎಂದು ಮಾವ ಕೈಚೀಲದಿಂದ ಆ ಹುಕ್ಸಿಲ್ಲದ ಜಂಪರು ತೆಗೆದು ಗಾಜಿನ ಮೇಜಿನ ಮೇಲೆ ಹಾಸಿದರು.

ಹುಡುಗಿ ಒಮ್ಮೆ ಜಂಪರನ್ನು, ಒಮ್ಮೆ ನನ್ನನ್ನು ನೋಡಿದಳು. ನಾನು ಕ್ರಿಕೆಟ್ ಬ್ಯಾಟುಗಳ ಕಡೆ ನೋಡಿದೆ.

ಆದರೂ ಆಕೆ ತಿಳಿದವಳು. ಸಮಾಧಾನದಿಂದ ಹೇಳಿದಳು: "ಅಂಕಲ್, ಬ್ಯಾಗಿಗೆ ಆಳಿನ ಎತ್ತರ ಲೆಕ್ಕಕ್ಕೆ ಬರಲ್ಲ. ಬೆನ್ನಿನ ಉದ್ದ ನೋಡ್ಬೇಕು. ಅದೂ ಅವರೇ ಬಂದು, ಒಳಗೆ ತೂಕ ಹಾಕ್ಕೊಂಡು, ಹತ್ತು ನಿಮಿಷ ಓಡಾಡ್ಬೇಕು."

ಮಾವ ಮೊದಲ ವಾಕ್ಯಕ್ಕೆ ಎಷ್ಟು ಸಂತೋಷಪಟ್ಟರೆಂದರೆ ಉಳಿದದ್ದು ಕಿವಿಗೆ ಬೀಳಲಿಲ್ಲ. ಬೆನ್ನಿನ ಉದ್ದ! ನಲವತ್ತು ವರ್ಷದಲ್ಲಿ ಒಬ್ಬರಾದರೂ ಹೀಗೆ ಮಾತಾಡಿದ್ದುಂಟೆ? ಜಂಪರಿನ ಬೆನ್ನಿಗೆ ಟೇಪು ಹಿಡಿದು, "ಹದಿನಾಲ್ಕು," ಎಂದು ಘೋಷಿಸಿದರು.

"ಹದಿನಾಲ್ಕು ಇಂಚು ಅಂದ್ರೆ ಮಕ್ಕಳ ಸೈಜು ಅಂಕಲ್."

"ಆಕಿ ಸಣ್ಣಾಕಿನ ಅದಾಳವಾ. ಕೊಡು."

ಮನೆಯಲ್ಲಿ ಆ ಚೀಲ ಅತ್ತೆಯ ಬೆನ್ನೇರಿತು. ಸೊಂಟದ ಪಟ್ಟಿ ಪಕ್ಕೆಲುಬಿನ ಮೇಲೆ ಕೂತಿತು. ಮಾವ ಅದನ್ನು ವೃತ್ತಿಗೌರವದಿಂದ ಬಿಗಿದು ಎರಡು ಹೆಜ್ಜೆ ಹಿಂದೆ ಸರಿದರು. ಅತ್ತೆಯ ಮುಖ ಕೆಂಪಾಯಿತು.

"ಉಸಿರು ಈಗ ಬಿಡ್ಲೋ, ಗುಡ್ಡ ಇಳಿದ ಮ್ಯಾಲ ಬಿಡ್ಲೋ?"

"ಯಾಕ? ಜಂಪರಿನ ಅಳತಿಗೆ ಬರೋಬ್ಬರಿ ಐತಿ."

"ಜಂಪರು ಅಲ್ಲಿಗೆ ಮುಗೀತೈತ್ರಿ. ಜಂಪರು ಮುಗಿದ ಕೂಡ್ಲೇ ಹೆಂಗಸು ಮುಗಿಯಂಗಿಲ್ಲ."

ಮಾವ ಜಂಪರಿಗೆ ಇನ್ನೊಮ್ಮೆ ಟೇಪು ಹಿಡಿದರು. ಹದಿನಾಲ್ಕೇ ಇತ್ತು.

ಅತ್ತೆ ಪಟ್ಟಿ ಬಿಚ್ಚಿ ಮುಂದುವರಿಸಿದರು. "ನೀರಿನ ಕೊಡ ಎಲ್ಲಿಡ್ತೀವಿ? ಸೊಂಟದ ಮ್ಯಾಲ. ಎಲುಬು ಐತಿ, ಕುಂದ್ರತೈತಿ. ಭಾರ ಅಲ್ಲಿ ಕುಂದ್ರಬೇಕು. ಪಕ್ಕೆಲುಬಿನ ಮ್ಯಾಲ ಯಾರಾದ್ರೂ ಕೊಡ ಇಟ್ಟಿದ್ದು ನೋಡೀರೇನು?"

ನಲವತ್ತು ವರ್ಷ ಬೆನ್ನುಗಳನ್ನೇ ನೋಡಿದ ಮನುಷ್ಯ, ಬೆನ್ನು ಜಂಪರಿನ ಕೆಳಗೂ ಮುಂದುವರಿಯುತ್ತದೆ ಎಂಬ ಸುದ್ದಿಯನ್ನು ಅಂದು ಮೊದಲ ಸಲ ಕೇಳಿದಂತೆ ಕೂತಿದ್ದರು.

ಶುಕ್ರವಾರ ಆ ಚೀಲ ಬದಲಿಸಲು ಮೂವರೂ ದಾವಣಗೆರೆಗೆ ಹೋದೆವು. ಹುಡುಗಿ ಅತ್ತೆಯನ್ನು ಕಂಡು, "ಓ, ಇವರೇನಾ?" ಎಂದಳು, ಜಂಪರಿನ ಪರಿಚಯ ಮೊದಲೇ ಇದ್ದುದರಿಂದ. ಅತ್ತೆಗೆ ತಲೆ ಬಗ್ಗಿಸಲು ಹೇಳಿ, ಕತ್ತಿನ ಬುಡದಲ್ಲಿ ಉಬ್ಬುವ ಎಲುಬಿನಿಂದ ಸೊಂಟದ ಎಲುಬಿನ ನೇರಕ್ಕೆ ಅಳೆದಳು. ಹದಿನಾರು ಕಾಲು. ಹೆಂಗಸರಿಗೆಂದೇ ಮಾಡಿದ ಚೀಲ ತಂದಳು. ಅದರ ಭುಜದ ಪಟ್ಟಿಗಳು ಎದೆಯನ್ನು ಒತ್ತದಂತೆ ಬಾಗಿದ್ದವು. ಒಳಗೆ ಎಂಟು ಕೆಜಿ ಮರಳಿನ ಚೀಲ ಹಾಕಿ, ಮೊದಲು ಸೊಂಟದ ಪಟ್ಟಿ, ಆಮೇಲೆ ಭುಜದ್ದು ಬಿಗಿದಳು. ಅತ್ತೆ ಸೈಕಲ್ಲುಗಳ ಸಾಲಿನಿಂದ ಕೇರಂ ಬೋರ್ಡುಗಳ ಸಾಲಿಗೆ ಓಡಾಡತೊಡಗಿದರು.

"ಹೆಂಗೈತಿ?" ಮಾವ ಕೇಳಿದರು.

"ಕೊಡ ಇಟ್ಟಂಗ ಐತಿ," ಅಂದರು ಅತ್ತೆ. ಆರನೆಯ ಸುತ್ತಿಗೆ ನಿಂತರು. "ಬಲಗಡಿ ಪಟ್ಟಿ ಜಾರತೈತಲ್ಲ."

ಹುಡುಗಿ ಎಳೆದು ಸರಿ ಮಾಡಿದಳು. ಮತ್ತೆ ಜಾರಿತು. ಇನ್ನೊಂದು ಚೀಲ ಹಾಕಿದಳು. ಅದೂ ಬಲಗಡೆಯೇ ಜಾರಿತು. "ಎರಡೂ ಕಡೆ ಒಂದೇ ಸಮ ಎಳ್ದಿದೀನಿ ಅಂಕಲ್," ಎಂದು ಮಾವನನ್ನು ನೋಡಿದಳು.

ಮಾವ ಎದ್ದು ಅತ್ತೆಯ ಹಿಂದೆ ನಿಂತರು. ಚೀಲ ಇಳಿಸಿದರು. ಜೇಬಿನಿಂದ ಟೇಪು ತೆಗೆದು ಅತ್ತೆಯ ಭುಜಕ್ಕೆ ಹಿಡಿದರು. ನಲವತ್ತು ವರ್ಷದಲ್ಲಿ ಇದು ಮೊದಲ ಸಲ. ಎರಡೆರಡು ಸಲ ಅಳೆದರು.

"ಬಲಭುಜ ಅರ್ಧ ಇಂಚು ತಗ್ಗೈತಿ. ಯಾವಾಗಿಂದ?"

"ಲಸಿಕಿ ಡಬ್ಬಿ ಇದ ಭುಜಕ್ಕ ನೇತಾಡ್ತಿತ್ತಲ್ರಿ," ಅತ್ತೆ ಕೇರಂ ಬೋರ್ಡು ನೋಡುತ್ತಾ ಹೇಳಿದರು. "ಇಪ್ಪತ್ತೆಂಟು ವರ್ಷ. ಪಕ್ಕದ ಓಣಿ ಟೇಲರಿಗೆ ಗೊತ್ತೈತಿ. ಆ ಕಡಿ ಒಂದು ಮಡಿಕಿ ಜಾಸ್ತಿ ಹಿಡೀತಾನ."

ದಾವಣಗೆರೆಯಿಂದ ಮರಳುವ ಬಸ್ಸಿನಲ್ಲಿ ಮಾವ ಅತ್ತೆಯ ಬಲಕ್ಕೆ ಕೂತಿದ್ದರು. ಹರಪನಹಳ್ಳಿ ದಾಟಿದ ಮೇಲೆ ಹೊಸ ಚೀಲವನ್ನು ಅತ್ತೆಯ ತೊಡೆಯಿಂದ ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

ಬಸ್ಸಿಳಿದು ನೇರ ಅಂಗಡಿಗೆ ಹೋದರು. ಒಂದು ಹಳೆಯ ಕಂಬಳಿ ಹುಡುಕಿ ತುಂಡು ಕತ್ತರಿಸಿದರು. ಮಡಿಚಿ, ಅರ್ಧ ಇಂಚು ದಪ್ಪ ಬರುವತನಕ ಮತ್ತೆ ಮಡಿಚಿ, ಚೀಲದ ಬಲಪಟ್ಟಿಯ ಒಳಬದಿಗೆ ಕೈಹೊಲಿಗೆಯಲ್ಲಿ ಕೂರಿಸಿದರು. ಜಂಪರು ಒಯ್ಯಲು ಬಂದ ಇಬ್ಬರನ್ನು, "ನಾಳೆ ಬರ್ರಿ," ಎಂದು ಕಳಿಸಿದರು. ಅದು ಅವರಿಗೆ ಹೊಸದೇನಲ್ಲ. ಆಮೇಲೆ ಅಳತಿ ಪುಸ್ತಕ ತೆಗೆದರು. ನಾನು ಪಕ್ಕದಲ್ಲಿದ್ದೆ, ಓದಿದೆ: 'ನಮ್ಮ ಮನಿಯಾಕಿ. ಬೆನ್ನು ಹದಿನಾರು ಕಾಲು. ಬಲಭುಜ ಅರ್ಧ ತಗ್ಗು.' ಕೊಡುವ ದಿನದ ಕಾಲಮ್ಮಿನಲ್ಲಿ 'ಇವತ್ತ' ಎಂದು ಬರೆದಿದ್ದರು. ಚೀಲ ಅವತ್ತೇ ಕೊಟ್ಟರು.

ಭಾನುವಾರ ಅತ್ತೆ ಗುಡ್ಡ ಹತ್ತಿ ಇಳಿದರು. ಭುಜದ ಮೇಲೆ ಗುರುತಿರಲಿಲ್ಲ. ಮುಂದಿನ ತಿಂಗಳು ಹಿಮಾಲಯಕ್ಕೆ ಹೋದರು, ನಡೆದೇ ಹತ್ತಿದರು. ಜೀಪಿನಲ್ಲಿ ಅಕ್ಕಿ ಮತ್ತು ಸ್ಟೋವು ಹೋದವು.