ಬೆಳಕಿನ ಕೊಸರು

ಕ್ಯಾಮೆರಾ ಹಿಡಿದ ಹೆಂಗಸು ಸುಮ್ಮನೆ ಬೀದಿ ದಾಟಿದರೂ ಅವಳ ಹಿಂದೆ ಒಂದು ಕಥೆ ಹುಟ್ಟಿಕೊಳ್ಳುತ್ತದೆ. ನನ್ನ ಹಿಂದೆ ಹುಟ್ಟಿದ ಕಥೆಗಳನ್ನು ಬೇರೆಯವರು ಕೈಕಾಲು ಸೇರಿಸಿ ಹೇಳುವ ಮೊದಲು ನಾನೇ ಹೇಳಿಬಿಡುವುದು ವಾಸಿ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಹಾಸನದಲ್ಲಿ ಸ್ಟುಡಿಯೋ ಇಟ್ಟಿದ್ದವರು ನಮ್ಮ ಯಜಮಾನರು. ಅವರಿಗೆ ಅರಕಲಗೂಡಿನಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತು. ಇನ್ನು ಅಂಗಡಿ ಯಾರಿಗೆ ಬೇಕು ಎಂದು ನಮ್ಮ ಮಾವನವರು ಚನ್ನರಾಯಪಟ್ಟಣದ ಕಾಯಿ ಸಾಹುಕಾರರೊಬ್ಬರಿಗೆ ಕೊಬ್ಬರಿ ತುಂಬಲು ಬಾಡಿಗೆಗೆ ಕೊಡುವ ಮಾತಾಡಿ ಬಂದರು. ನಾನು ನಡೆಸುತ್ತೇನೆ ಎಂದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು, ಕಡಲೆಕಾಯಿ ಪೊಟ್ಟಣದ ಕಾಗದವನ್ನೂ ಬಿಡದೆ ಓದಿ ಅಕ್ಷರ ಉಳಿಸಿಕೊಂಡವಳು ನಾನು. ಫಿಲ್ಮ್ ತೊಳೆಯುವುದೂ ಪ್ರಿಂಟ್ ಹಾಕುವುದೂ ಆಗಲೇ ಬರುತ್ತಿತ್ತು. ಬಾರದೆ ಇದ್ದದ್ದು ಒಂದೇ, ಬೆಳಕಿನ ಅಂದಾಜು. ಕ್ಯಾಮೆರಾದ ಕಣ್ಣನ್ನು ಎಷ್ಟು ಅಗಲ, ಎಷ್ಟು ಹೊತ್ತು ತೆರೆಯಬೇಕು ಎನ್ನುವುದು. ಕಮ್ಮಿಯಾದರೆ ಫೋಟೋ ಮಸಿ, ಜಾಸ್ತಿಯಾದರೆ ಸುಣ್ಣ.

ಮಾವ ತಲೆಯಾಡಿಸಿದರು. "ಇದು ಯಾಪಾರ ಕಣಮ್ಮ, ಸಾರು ಕುದ್ಸೋದಲ್ಲ" ಎಂದರು. ಜೀವಮಾನದಲ್ಲಿ ಒಂದು ನಿಂಬೆಹಣ್ಣನ್ನೂ ಮಾರದೆ ಕಚೇರಿ ಕುರ್ಚಿಯಿಂದಲೇ ಪಿಂಚಣಿಗೆ ಬಂದವರು ಅವರು. ಕೊನೆಗೆ ದೀಪಾವಳಿಯವರೆಗೆ ಗಡುವು ಕೊಟ್ಟರು. ಅಷ್ಟರಲ್ಲಿ ಜನ ಮೆಚ್ಚದಿದ್ದರೆ ಅಂಗಡಿ ಕೊಬ್ಬರಿಗೆ.

ಡಬ್ಬಿಯೊಳಗಿನ ಚೀಟಿ

ಫಿಲ್ಮ್ ಡಬ್ಬಿಯಲ್ಲಿ ಒಂದು ಚೀಟಿ ಬರುತ್ತಿತ್ತು. ಬಿಸಿಲಿಗೆ ಇಷ್ಟು, ಮೋಡಕ್ಕೆ ಇಷ್ಟು ಎಂದು ಚಿತ್ರದ ಸಮೇತ. ಅದರಂತೆ ತೆಗೆದರೆ ನಮ್ಮೂರಿನ ಬಿಸಿಲು ಒಂದು ದಿನ ಒಪ್ಪುತ್ತಿತ್ತು, ಮರುದಿನ ಮುನಿಸಿಕೊಳ್ಳುತ್ತಿತ್ತು. ನಾನು ಚೀಟಿ ಹಿಡಿದು ಅಂಗಳದಲ್ಲಿ ಆಕಾಶ ನೋಡುತ್ತಾ ನಿಂತಿದ್ದಾಗ ಅತ್ತೆ ಬಂದು ಇಣುಕಿದರು. ಚೀಟಿಯ ಚಿತ್ರದಲ್ಲಿ ಸಮುದ್ರದ ಮರಳಿನ ಮೇಲೆ ತುಂಡು ಬಟ್ಟೆಯ ಹೆಂಗಸೊಬ್ಬಳು ಕೊಡೆ ಹಿಡಿದು ಕೂತಿದ್ದಳು.

"ಇವ್ಳಿಗೆ ಬಿಸ್ಲು ಜಾಸ್ತಿಯಾಗೈತೆ ಅಂತ ಚೀಟಿ ಓದಿ ತಿಳೀಬೇಕಾ?" ಎಂದರು. ಆಮೇಲೆ ಕೇಳಿದರು, "ದೇವ್ರ ಎಡೆ ಅಡ್ಗೇಗೆ ಉಪ್ಪು ಎಂಗಾಕ್ತೀಯ?"

ಎಡೆಯ ಅಡುಗೆಯನ್ನು ದೇವರಿಗಿಂತ ಮೊದಲು ನಾಲಿಗೆಗೆ ತಾಗಿಸುವಂತಿಲ್ಲ. ಕಣ್ಣಳತೆ, ಕೈಯಳತೆ, ಅಷ್ಟೇ. ಫಿಲ್ಮ್ ಕೂಡ ಹಾಗೆಯೇ, ತೊಳೆಯುವ ತನಕ ರುಚಿ ತಿಳಿಯದು. ಆ ಹೊತ್ತಿಗೆ ನನಗೆ ದಾರಿ ಕಂಡಿತು. ಚೀಟಿಯನ್ನು ಅತ್ತೆಗೇ ಕೊಟ್ಟೆ. ಅವರು ಅದರಲ್ಲಿ ಕರ್ಪೂರ ಕಟ್ಟಿ, ಆ ಹೆಂಗಸಿನ ಸಮೇತ ದೇವರ ಗೂಡಿನಲ್ಲಿಟ್ಟರು.

ಶಾಂತಿಗ್ರಾಮದ ರುಮಾಲು

ಶಾಂತಿಗ್ರಾಮದಿಂದ ಗೌಡರೊಬ್ಬರು ಬಂದರು. ಎಣ್ಣೆಗಪ್ಪು ಮೈಬಣ್ಣ, ತಲೆಗೆ ಕಣ್ಣು ಕೋರೈಸುವ ಹೊಸ ರುಮಾಲು. ನಾನು ಆ ರುಮಾಲಿನ ಹೊಳಪು ನೋಡಿ, ಇದೇನು ಬೆಳಕು ಎಂದುಕೊಂಡು ಕ್ಯಾಮೆರಾದ ಕಣ್ಣನ್ನು ಕಿರಿದು ಮಾಡಿದೆ. ಪ್ರಿಂಟಿನಲ್ಲಿ ರುಮಾಲಿನ ಒಂದೊಂದು ಮಡಿಕೆಯೂ ಎಣಿಸುವ ಹಾಗೆ ಬಂತು. ಅದರ ಕೆಳಗೆ ಅಮಾವಾಸ್ಯೆ.

ಗೌಡರು ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ರುಮಾಲು ನಂದೇ ಕಣವ್ವ, ಅದ್ರಲ್ಲಿ ಅನುಮಾನಿಲ್ಲ. ಕೆಳ್ಗಿರೋನು ಯಾರು?"

ಮತ್ತೆ ಕೂರಿಸಿ ತೆಗೆದುಕೊಟ್ಟೆ, ಈ ಸಲ ರುಮಾಲನ್ನು ಮರೆತು ಕೆನ್ನೆ ನೋಡಿ. ಬಟ್ಟೆಯ ಬೆಳಕು ಬೇರೆ, ಮುಖದ ಬೆಳಕು ಬೇರೆ ಎಂದು ಅಂದು ಕಲಿತದ್ದನ್ನು ನಾನು ಮತ್ತೆ ಮರೆತಿಲ್ಲ. ಮಾವನವರು ಮಾತ್ರ ಮೊದಲ ಪ್ರಿಂಟನ್ನು ಎತ್ತಿಕೊಂಡು, ಇದನ್ನು ಅಂಗಡಿ ಮುಂದೆ ತೂಗುಹಾಕು, ರುಮಾಲು ಮಾರುವವರಾದರೂ ಬಾಡಿಗೆ ಕೇಳಿಕೊಂಡು ಬಂದಾರು ಎಂದರು.

ಹೊಳೆನರಸೀಪುರದ ಮೂಗು

ಹೊಳೆನರಸೀಪುರದ ತಾಯಿಯೊಬ್ಬರು ಮಗಳನ್ನು ಕರೆತಂದರು, ಗಂಡಿನ ಕಡೆಗೆ ಕಳಿಸಲು ಫೋಟೋ ಬೇಕಿತ್ತು. ಹುಡುಗಿ ಲಕ್ಷಣವಾಗಿದ್ದಳು, ಬಣ್ಣ ಸ್ವಲ್ಪ ಕಮ್ಮಿ. ತಾಯಿ ಗೋಡೆಗೆ ಸುಣ್ಣ ಬಳಿದ ಹಾಗೆ ಪೌಡರ್ ಬಳಿದು, ಬೆಳಕನ್ನೂ ಧಾರಾಳವಾಗಿ ಬಿಡು ಎಂದರು. ಬೇಡ ಎಂದೆ. ನಿನ್ನ ಮಗಳಾಗಿದ್ದರೆ ಹೀಗೆ ಜಿಪುಣತನ ಮಾಡುತ್ತಿದ್ದೆಯಾ ಎಂದು ಕಣ್ಣಲ್ಲಿ ನೀರು ತಂದರು. ಬಿಟ್ಟೆ.

ಫೋಟೋದಲ್ಲಿ ಎರಡು ಕಣ್ಣು, ಒಂದು ಕುಂಕುಮ, ಒಂದು ತುಟಿ ಉಳಿದವು. ಮೂಗು ಪೌಡರಿನ ಜೊತೆ ಬೆಳಕಿನಲ್ಲಿ ಕರಗಿಹೋಗಿತ್ತು. ನಾನು ಇನ್ನೊಂದು ತೆಗೆಯುತ್ತೇನೆ ಎಂದರೂ ತಾಯಿ ಕೇಳಲಿಲ್ಲ, ಮಗಳು ಹಾಲಿನ ಹಾಗೆ ಬಂದಿದ್ದಾಳೆಂದು ಎದೆಗವಚಿಕೊಂಡು ಹೊರಟರು.

ಮದುವೆಯ ಫೋಟೋಕ್ಕೆ ಬಂದಾಗ ಹುಡುಗಿಯೇ ನಗುತ್ತಾ ಹೇಳಿದ ಮಾತಿದು. ಹೆಣ್ಣು ನೋಡಲು ಬಂದವರು ಬಣ್ಣ ಕೇಳಲಿಲ್ಲವಂತೆ, ಹಾಡು ಹೇಳಿಸಲಿಲ್ಲವಂತೆ. ಹುಡುಗನ ತಾಯಿ ಹತ್ತಿರ ಬಂದು, ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿ, ನಿಟ್ಟುಸಿರು ಬಿಟ್ಟು, "ಸದ್ಯ, ಮೂಗೈತೆ" ಎಂದರಂತೆ.

ಚನ್ನರಾಯಪಟ್ಟಣದ ಎಣಿಕೆ

ದೀಪಾವಳಿ ಹತ್ತಿರವಾಯಿತು. ಬಾಡಿಗೆಯ ಮಾತು ಮುಗಿಸಿ ಬರೋಣವೆಂದು ಮಾವ ಚನ್ನರಾಯಪಟ್ಟಣಕ್ಕೆ ಹೊರಟರು. ಸಾಹುಕಾರರಿಗೆ ತಮ್ಮ ಮನೆಮಂದಿಯ ಫೋಟೋ ಬೇಕಾಗಿತ್ತಾದ್ದರಿಂದ ನಾನೂ ಹೊರಟೆ. ಈ ಫೋಟೋ ಕೆಟ್ಟರೆ ಅಂಗಡಿ ಹೋಯಿತು ಎಂದು ಇಬ್ಬರಿಗೂ ಗೊತ್ತಿತ್ತು.

ಸಾಹುಕಾರರ ತಾಯಿಗೆ ಎದ್ದು ಓಡಾಡಲು ಆಗುತ್ತಿರಲಿಲ್ಲ. ಫೋಟೋ ನಡುಮನೆಯಲ್ಲೇ ಆಗಬೇಕು. ಅಲ್ಲಿದ್ದದ್ದು ಒಂದು ಬೆಳಕಿಂಡಿ. ಫ್ಲಾಶ್ ಬಲ್ಬು ನನ್ನ ಹತ್ತಿರ ಇರಲಿಲ್ಲ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮುದುಕಮ್ಮನ ಕೆನ್ನೆ ನೋಡಿ, ಎಂಟು ಎಣಿಸುವಷ್ಟು ಹೊತ್ತು ಕಣ್ಣು ತೆರೆದಿಡುವುದೆಂದು ಅಂದಾಜು ಮಾಡಿದೆ. ಸಾಹುಕಾರರು ಮಾವನವರನ್ನೂ ಬನ್ನಿ ಎಂದು ಕರೆದು, ಕಂಬದ ಮುಂದಿನ ಬೆಂಚಿನಲ್ಲಿ ಕೂರಿಸಿದರು. ಎಣಿಕೆ ಮುಗಿಯುವ ತನಕ ಯಾರೂ ಅಲುಗಬಾರದು ಎಂದು ಹೇಳಿ ಶುರುಮಾಡಿದೆ.

ಕಾಯಿ ಎಣಿಸುವವರು ನಮ್ಮ ಕಡೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆ ಮನೆಗೆ ಒಪ್ಪಲಿ ಎಂದು ನಾನೂ, "ಲಾಭ, ಎರಡು, ಮೂರು" ಎಂದೇ ಎಣಿಸಿದೆ. ಎಂಟು ಎಂದದ್ದೇ ಮಾವನವರು ಎದ್ದು, ಪಂಚೆ ಕೊಡವಿ, ಎಲೆಯಡಿಕೆ ತಟ್ಟೆಯ ಕಡೆ ನಡೆದೇಬಿಟ್ಟರು. ಆ ಮನೆಯವರು ಒಬ್ಬರೂ ಮಿಸುಕಲಿಲ್ಲ. ಸಾಹುಕಾರರು ತುಟಿ ಅಲುಗಿಸದೆ ಗಂಟಲಲ್ಲೇ ಅಂದರು:

"ಕೊಸರು ಹಾಕವ್ವ."

ಎಣಿಕೆ ಮುಗಿದ ಮೇಲೆ ಇನ್ನೆರಡು ಕಾಯಿ ಕೊಸರು ಎಂದು ಹಾಕದಿದ್ದರೆ ಅವರ ಲೆಕ್ಕದಲ್ಲಿ ವ್ಯಾಪಾರ ಮುಗಿದಂತಲ್ಲ. ಅಷ್ಟು ಮಂದಿ ಕಲ್ಲಿನ ಹಾಗೆ ಕೂತು ಕಾಯುತ್ತಿದ್ದಾರೆ. ನನಗೂ ಹಟ ಬಂತು. ಕ್ಯಾಮೆರಾದ ಕಣ್ಣು ಮುಚ್ಚದೆ, ಎರಡೇಕೆ, ನಾಲ್ಕು ಎಣಿಕೆ ಹಾಕಿದೆ.

ಫಿಲ್ಮ್ ತೊಳೆದಾಗ ಗೊತ್ತಾಯಿತು, ಆ ಕತ್ತಲೆಗೆ ಬೇಕಿದ್ದದ್ದು ಸರಿಯಾಗಿ ಅಷ್ಟೇ ಬೆಳಕು. ಒಳಮನೆಯಲ್ಲಿ ಈಗಲೂ ನಾನು ಕೊಸರು ಹಾಕದೆ ಎಣಿಕೆ ಮುಗಿಸುವುದಿಲ್ಲ. ಅದು ನನ್ನ ಅಂದಾಜು ಎಂದೇ ಎಲ್ಲರಿಗೂ ಹೇಳುತ್ತೇನೆ, ನಾಲ್ಕು ಹಾಕಿದವಳು ನಾನೇ ತಾನೆ.

ಸಾಹುಕಾರರು ಪ್ರಿಂಟಿಗೆ ಹಾಸನಕ್ಕೇ ಬಂದರು. ತಾಯಿಯ ಮುಖದ ಸುಕ್ಕು, ಮೂಗುಬೊಟ್ಟು, ಎಲ್ಲ ನೋಡಿ ಕಣ್ಣೊರೆಸಿಕೊಂಡರು. ಆಮೇಲೆ ಬೆಂಚಿನ ಕಡೆ ಬೆರಳಿಟ್ಟು ಮಾವನವರಿಗೆ ಹೇಳಿದರು, "ಎಲ್ರೂ ಬಂದವ್ರೆ ಸಾ. ನೀವೊಬ್ರು ಅರ್ಧ ಬಂದಿದ್ದೀರಿ."

ನಿಜ. ಕೊಸರಿನ ಹೊತ್ತಿಗೆ ಎದ್ದುಹೋದ ಮಾವನವರು ಹೊಗೆಯ ಹಾಗೆ ಕೂತಿದ್ದರು, ಅವರ ಎದೆಯ ಮೂಲಕ ಹಿಂದಿನ ಕಂಬ ನಿಚ್ಚಳವಾಗಿ ಕಾಣುತ್ತಿತ್ತು.

ಸಾಹುಕಾರರು ಅಂಗಡಿ ಬೇಡವೆಂದರು. ಕೊಸರು ಕೊಡುವ ಅಂಗಡಿ ಎಬ್ಬಿಸಿದರೆ ತಮ್ಮ ವ್ಯಾಪಾರಕ್ಕೆ ಒಳ್ಳೆಯದಾಗುವುದಿಲ್ಲವಂತೆ. ಅವರು ಹೋದ ಮೇಲೆ ಮಾವ ಅಂಗಡಿಯ ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟು, "ಕೊಸರೈತೆ ಅಂತ ಮೊದ್ಲೇ ಯೋಳ್ಬಾರ್ದಾಗಿತ್ತಾ?" ಎಂದರು.

"ಯಾಪಾರ ಗೊತ್ತಿದ್ದೋರಿಗೆ ಯೋಳ್ಬೇಕಾಗಿಲ್ಲ ಮಾವ" ಎಂದೆ.

ಅತ್ತೆ ಫೋಟೋ ಇಸಿದುಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಮಾವನಿಗೆ ಕೇಳಲಿ ಎಂದೇ ನನಗೆ ಹೇಳಿದರು:

"ಮದ್ವೆಯಾದಾಗ್ಲಿಂದ ಇವ್ರ ಎದೇಲಿ ಏನೈತೆ ಅಂತ ಗೊತ್ತಾಗಿರ್ನಿಲ್ಲ ಕಣವ್ವ. ಈಗ ಕಾಣ್ತು. ಕಂಬ."