ತಾಳ್ಯದ ಮನೆಯ ಸಿಳ್ಳೆ

ದೆವ್ವಕ್ಕೂ ಕೆಮ್ಮಿಗೂ ಒಂದೇ ಗುಣ, ಒಮ್ಮೆ ಹೊಕ್ಕ ಮನೆಗೆ ಮತ್ತೆ ಮತ್ತೆ ಬರುತ್ತವೆ. ಕಾರವಾರದ ಕಡಲ ದಡದಲ್ಲಿ ಹುಟ್ಟಿದ ನಾನು ನರ್ಸ್ ಕೆಲಸಕ್ಕೆಂದು ಚಿತ್ರದುರ್ಗದ ಕಡೆಯ ತಾಳ್ಯಕ್ಕೆ ಬಂದವಳು, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದೆ. ಉಳಿದೆ ನಿಜ, ಆದರೆ ಪಕ್ಕದ ಕುರಿಗಾಹಿ ಮನೆಯ ಅಜ್ಜಿ ನನ್ನನ್ನು ಸುಮ್ಮನೆ ಕೂರಲು ಬಿಟ್ಟಿಲ್ಲ.

೧. ತೊಟ್ಟಿಲು

ಅಜ್ಜಿಯ ಮೊಮ್ಮಗಳಿಗೆ ಆಗ ಆರು ತಿಂಗಳು. ಒಂದು ಮಧ್ಯಾಹ್ನ ಅಜ್ಜಿ ಬಿಳಿಚಿಕೊಂಡು ಬಂದಳು. "ಸಿಸ್ಟ್ರಮ್ಮ, ಬಿರ್ರನೆ ಬರ್ರಿ. ತೊಟ್ಟಿಲಾಗೆ ಯಾರೋ ಸಿಳ್ಳೆ ಹೊಡೀತಾವ್ರೆ."

ಹೋಗಿ ಕಂಬಳಿ ಸರಿಸಿದೆ. ಮಗುವಿನ ಪಕ್ಕೆ ಒಳಕ್ಕೆ ಸೆಳೆಯುತ್ತಿತ್ತು. ಉಸಿರು ಬಿಟ್ಟಾಗಲೆಲ್ಲ ಸಣ್ಣ ಸಿಳ್ಳೆ.

"ಮಗುವಿನ ಎದೆಯದೇ ಸದ್ದು ಅಜ್ಜಿ. ಈಗಲೇ ಚಿತ್ರದುರ್ಗಕ್ಕೆ ಹೊರಡಿ."

"ಸುಮ್ಕಿರ್ರಿ! ಹಲ್ಲೇ ಬಂದಿಲ್ಲ, ಅದ್ಹೆಂಗೆ ಸಿಳ್ಳೆ ಹೊಡೀತೈತೆ?"

೨. ನಾಲ್ಕು ಮೂಲೆ

ವೈರಸ್ ಸೋಂಕು ಎದೆಗಿಳಿದಿತ್ತು. ಆಕ್ಸಿಜನ್ ಕೊಟ್ಟು ಉಳಿಸಿದ ಡಾಕ್ಟರು, "ಇಂಥ ಕೆಲವು ಮಕ್ಕಳಿಗೆ ಮುಂದೆ ಉಬ್ಬಸ ಬರಬಹುದು, ನೋಡ್ಕೊಳ್ಳಿ" ಎಂದಿದ್ದರು. ಆರನೇ ವರ್ಷಕ್ಕೆ ಬಂದೇ ಬಂತು. ಕಸ ಗುಡಿಸಿದರೆ ಸಿಳ್ಳೆ, ಶೀತವಾದರೆ ಸಿಳ್ಳೆ. ಬಾಯಿಗಿಟ್ಟು ಎಳೆದುಕೊಳ್ಳುವ ಪಂಪು ಕೊಟ್ಟರು.

ವಾರದೊಳಗೆ ಅಜ್ಜಿ ಮತ್ತೆ ಕರೆದಳು. ಹೋಗಿ ನೋಡಿದರೆ ಹುಡುಗಿ ಮಾತೇ ಹೊರಡದೆ ಮುಂದಕ್ಕೆ ಬಾಗಿ ಕೂತಿದ್ದಳು. ಪಂಪು ಒತ್ತಿದೆ, ಖಾಲಿ! ಮೆಡಿಕಲ್ ಶಾಪಿಗೆ ಓಡಿ ಹೊಸದು ತಂದು ಕೊಟ್ಟ ಮೇಲೆ ಅವಳ ತುಟಿಗೆ ಬಣ್ಣ ಬಂತು.

"ಔಷಧ ಏನಾಯ್ತು ಅಜ್ಜಿ?"

"ಮನೆ ನಾಕೂ ಮೂಲೆಗೆ ಹೊಡ್ದೆ. ಒಳಗೆ ಸೇರ್ಕಂಡಿರಾದು ಓಡ್ಬೇಕಲ್ಲ?"

"ಓಡಿತಾ?"

"ಎಲ್ಲಿ? ಬಾಗ್ಲ ತಂಕ ಅಟ್ಟಿಸ್ಕಂಡು ಬಂದೆ, ಅಷ್ಟರಾಗೆ ಔಷಧ ಮುಗ್ದೋತು."

೩. ಖಾಲಿ ಮನೆ

ಆಮೇಲೆ ಪಂಪನ್ನು ಹುಡುಗಿಯ ಅಮ್ಮನ ಕೈಗೆ ಕೊಟ್ಟೆವು. ಹುಡುಗಿ ಓಡಾಡತೊಡಗಿದಳು. ಮೊನ್ನೆ ಅಜ್ಜಿ ಮತ್ತೆ ಬಂದಳು. "ಹುಡುಗಿ ಇಸ್ಕೂಲಿಗೆ ಹೋಗೈತೆ. ಸಿಳ್ಳೆ ಮಾತ್ರ ಮನೆಯಾಗೇ ಐತೆ, ತಿಂಗಳಿಂದ ಬೈದ್ರೂ ಹೋಗ್ತಿಲ್ಲ. ಆ ಪಂಪು ಅದನ್ನ ಮಗೀನ ಮೈಯಿಂದ ಬಿಡಿಸಿ ನನ್ ಮನೆಗೆ ಬಿಟ್ಟೈತೆ. ನಾಳಿಂದ ಮಗೀಗೆ ಪಂಪು ಬ್ಯಾಡ."

ಪಂಪು ನಿಂತರೆ ಹುಡುಗಿಯ ಗತಿ? ಜೊತೆಗೆ ಹೋದೆ. ಮನೆಯಲ್ಲಿ ಯಾರೂ ಇಲ್ಲ. ಕಿವಿಗೊಟ್ಟು ನಿಂತೆವು. ನೂಲಿನಷ್ಟು ಸಣ್ಣಗೆ ಸಿಳ್ಳೆ ಬಂತು. ನನ್ನ ತೋಳಿನ ಕೂದಲು ನೆಟ್ಟಗಾದವು. ಅಡುಗೆಮನೆಗೆ ಹೋದೆವು, ಅದೂ ಬಂತು. ಹಿತ್ತಲಿಗೆ ಹೋದೆವು, ಅಲ್ಲಿಗೂ.

"ನಿನ್ ಎದೆ ಒಡೆಯ! ನಿನ್ ಮನೆ ಹಾಳಾಗ!" ಎಂದು ಅಜ್ಜಿ ಅದನ್ನು ಶಪಿಸಿದಳು. ಶಪಿಸುವಷ್ಟು ಹೊತ್ತು ಸಿಳ್ಳೆ ಇಲ್ಲ. ಉಸಿರೆಳೆದು ಬಿಟ್ಟಳು, ಶುರುವಾಯಿತು!

ಅವಳ ಬೆನ್ನಿಗೆ ಕಿವಿಯಿಟ್ಟೆ. "ಅಜ್ಜಿ, ಇದು ನಿಮ್ಮ ಎದೆಯದೇ. ನಿಮಗೂ ಉಬ್ಬಸ. ಮಗುವಿನ ಪಂಪಿನ ತಪ್ಪಲ್ಲ."

ಅಜ್ಜಿ ಹಿತ್ತಲ ಕಟ್ಟೆಯ ಮೇಲೆ ಕೂತಳು. "ಹಂಗಾರೆ ತಿಂಗಳಿಂದ ನಾ ಬೈದಿದ್ದೆಲ್ಲ?"

"ನಿಮಗೇ."

"ಮಗೀನ ಪಂಪು ಮಗೀಗೇ ಇರ್ಲಿ. ನನಗೊಂದು ಬ್ಯಾರೆ ಕೊಡ್ಸ್ರಿ. ಆದ್ರೆ ಸಿಸ್ಟ್ರಮ್ಮ, ಮದ್ಲು ಆ ಬೈಗುಳ ವಾಪಸ್ ತಗಳಾದು ಹೆಂಗೆ, ಅದು ಹೇಳ್ರಿ!"